ಸಂದಿ

ತೋರಣಗಲ್ಲಿನ ಗೇಟು ಬಿದ್ದರೆ
ಏಳುವುದು ಯಾವಾಗ ಎಂದು ಗೇಟಿನವನನ್ನೂ ಕೇಳಬಾರದು.
ಅದಿರಿನ ಗೂಡ್ಸು, ಐವತ್ತೆಂಟು ಡಬ್ಬಿ,
ಎಣಿಸಿದ್ದೇನೆ, ಎಷ್ಟೋ ಸಲ,
ಅತ್ತ ಹಾಜರಿ ಪುಸ್ತಕದಲ್ಲಿ ಕೆಂಪು ಗೆರೆ ಬೀಳುವ ಹೊತ್ತಿಗೆ.

ಆಗ ನನಗೆ ಸಂದಿಯಲ್ಲಿ ತೂರಲು ಬರುತ್ತಿರಲಿಲ್ಲ.
ದುಪಟ್ಟಾ ಸೊಂಟಕ್ಕೆ ಬಿಗಿದು, ತಮ್ಮನ ಹಳೆಯ ಸ್ಪ್ಲೆಂಡರ್ ಮೇಲೆ
ಕಟ್ಟಕಡೆಯ ಲಾರಿಯ ಹಿಂದೆ
ಪ್ರಾರ್ಥನೆಗೆ ತಡವಾದ ಹುಡುಗಿಯ ಹಾಗೆ ನಿಲ್ಲುತ್ತಿದ್ದೆ.
ಮೂಗಿನ ಮುಂದೆ ಟಾರ್ಪಾಲಿನ ಹಗ್ಗ, ಕೆಂಪು ಧೂಳು,
‘ಅಂತರವಿರಲಿ’ ಎಂಬ ಬರಹದ ‘ವಿ’ ಅಳಿಸಿ
ಅಂತರ ರಲಿ.

ಹಾಲಿನ ಹೊನ್ನೂರಪ್ಪನೇ ಕಲಿಸಿದ್ದು,
ಎರಡೂ ಬದಿಗೆ ಕ್ಯಾನು ಕಟ್ಟಿಕೊಂಡು
ಕೆರೆಯಲ್ಲಿ ಎಮ್ಮೆ ಹೋದಂತೆ ಹೋಗುತ್ತಿದ್ದವನು.
“ಬರ್ರಿ ಟೀಚರಮ್ಮ, ನನ್ನ ಕ್ಯಾನು ಹಿಡಿಸಿದಲ್ಲಿ ನೀವು ಹಿಡಿಸ್ತೀರಿ.
ಹ್ಯಾಂಡಲ್ ತೂರಿತು ಅಂದ್ರೆ ನೀವು ತೂರಿದಂಗಲ್ಲ,
ಮೊಣಕಾಲು ಐತಲ್ಲ, ಮೊದಲು ಅದನ್ನ ಕೇಳ್ರಿ.
ಡ್ರೈವರನ ಕನ್ನಡಿ ನೋಡ್ರಿ. ಅವನ ಮೀಸೆ ನಿಮಗೆ ಕಂಡ್ರೆ
ನೀವೂ ಅವನಿಗೆ ಕಂಡೀರಿ. ಕಾಣಲಿಲ್ಲೋ,
ಆ ಲಾರಿ ಪಾಲಿಗೆ ನೀವು ಹುಟ್ಟೇ ಇಲ್ಲ.
ಹಾರ್ನು ಒಂದೇ ಸಲ. ಎರಡನೇದು ಬೈಗುಳ.
ಬ್ರೇಕಿನ ಗಾಳಿ ಉಸ್ ಅಂತೋ, ಅಲ್ಲೇ ಕಾಲೂರ್ರಿ,
ಅದು ಎದ್ದೇಳಾಕ ಮೈ ಮುರಿಯೋ ಸದ್ದು.”

ಅವನು ಹೇಳದ ಕೆಲವನ್ನು ನೋಡಿ ಕಲಿತೆ.
ರಾತ್ರಿಯಿಂದ ನಿಂತ ಲಾರಿಗಳ ನಡುವೆ
ಯಾರಾದರೂ ಸ್ಟೌ ಹಚ್ಚಿ ಅನ್ನಕ್ಕೆ ಇಟ್ಟಿದ್ದರೆ
ಹೊನ್ನೂರಪ್ಪ ಇಂಜಿನ್ ಆರಿಸುತ್ತಾನೆ, ಇಳಿದು ತಳ್ಳುತ್ತಾನೆ,
ಧೂಳೇಳದಂತೆ,
ಪರರ ಅಡುಗೆಮನೆಯ ಹೊಸ್ತಿಲು ದಾಟುವವನಂತೆ.
ಕನ್ನಡಿಗೆ ತಗುಲಿದರೆ ನಿಂತು ಸರಿಮಾಡಿಯೇ ಮುಂದಕ್ಕೆ.
ಗೇಟಿನ ಬುಡ ಮುಟ್ಟಿದ ಮೇಲೆ
ಎದುರಿನವರ ದಾರಿಗೆ ಹರಡಿಕೊಳ್ಳುವುದಿಲ್ಲ;
ಹರಡಿಕೊಂಡರೆ, ಗೇಟು ಎದ್ದಾಗ ಹಳಿಯ ಮೇಲೆ ಕಬಡ್ಡಿ.
(ಹರಡಿಕೊಳ್ಳುವವರೇ ಹೆಚ್ಚು. ಒಮ್ಮೆ ನಾನೂ.)

ಎಂಟನೆಯ ತರಗತಿಗೆ ಆ ವಾರ ಸಂಧಿ.
ಬೋರ್ಡಿನ ಮೇಲೆ ಅಂತರ + ಇರಲಿ ಬರೆದೆ.
“ನಡುವೆ ಏನು ಬಂತು?”
“ವಕಾರ, ಮಿಸ್.”
“ಮೊದಲು ಅದು ಎಲ್ಲಿತ್ತು?”
ಹುಲಿಗೆಮ್ಮ, ಅವಳಪ್ಪ ಟಿಪ್ಪರ್ ಹೊಡೆಯುತ್ತಾನೆ, ಎದ್ದು ಹೇಳಿದಳು:
“ಹಿಂದ್ಗಡೆ ನಿಂತಿತ್ತು ಮಿಸ್. ಸಂದಿ ಸಿಕ್ತು, ಬಂತು.”
ಸೂತ್ರಕ್ಕಿಂತ ಅದೇ ಸರಿ ಎನಿಸಿತು.
ಲೋಪ ಸಂಧಿಯನ್ನು ಅವತ್ತು ಮುಟ್ಟಲಿಲ್ಲ.

ಗುರುವಾರ. ಎಡಸಂದಿಯಿಂದ ಬಲಸಂದಿಗೆ
ಒಂದರ ಬೆನ್ನಿಗೂ ಇನ್ನೊಂದರ ಮೂತಿಗೂ ನಡುವೆ ದಾಟಬೇಕಿತ್ತು.
ಕನ್ನಡಿಯಲ್ಲಿ ಮೀಸೆ ಕಂಡಿತು.
ಮೀಸೆಯ ಮೇಲೆ, ಮುಚ್ಚಿದ ಕಣ್ಣು.
ಅದನ್ನು ಹೊನ್ನೂರಪ್ಪ ಹೇಳಿರಲಿಲ್ಲ.
ಗಾಳಿ ಉಸ್ ಎನ್ನಲಿಲ್ಲ. ಹದಿನಾಲ್ಕು ಚಕ್ರದ ಲಾರಿ
ನಿದ್ದೆಯಲ್ಲಿ ಮಗ್ಗುಲು ಬದಲಿಸಿದಂತೆ
ಮೆಲ್ಲಗೆ ಹಿಂದಕ್ಕೆ ಸರಿಯಿತು.
ಚಕ್ರಕ್ಕೆ ಕಲ್ಲು ಕೊಡಲು ಇಳಿದಿದ್ದ ಕ್ಲೀನರ್ ಹುಡುಗ ಕೂಗಿದ:
“ಅಕ್ಕಾ! ಇರು!”
ಇದ್ದೆ.
ನನ್ನ ಮುಂಚಕ್ರದಿಂದ ಒಂದು ಗೇಣು ಆಚೆ
ಕಬ್ಬಿಣಕ್ಕೆ ಕಬ್ಬಿಣ ತಾಗಿ ಸಂದಿ ಮುಚ್ಚಿತು,
ನಾನಿಲ್ಲದೆ.

ಮರುದಿನದ ಪಾಠ ಪ್ರಕೃತಿಭಾವ.
ದೂರದಿಂದ ಯಾರನ್ನಾದರೂ ಕರೆಯುವಾಗ
ಸ್ವರ ಉದ್ದವಾಗುತ್ತದೆ, ಅಲ್ಲಿ ಸಂಧಿ ಆಗುವುದಿಲ್ಲ.
ಪುಸ್ತಕದ ಉದಾಹರಣೆ ಬಿಟ್ಟು ಬರೆದೆ:
ಅಕ್ಕಾ, ಇರು.
“ಕೂಡಿಸಿ ಬರದ್ರೆ ಏನಾಗತೈತಿ ಮಿಸ್?”
“ಅಕ್ಕನಲ್ಲಿ ಏನೋ ಒಂದು ಲೋಪವಾಗುತ್ತೆ,” ಎಂದೆ.
ಅವರು ಬರೆದುಕೊಂಡರು.

ಈಗಲೂ ತೂರುತ್ತೇನೆ. ಈಗಲೂ ಲೇಟು.
ಮೀಸೆ ನೋಡಿದ ಮೇಲೆ ಕಣ್ಣೂ ನೋಡುತ್ತೇನೆ,
ಮುಚ್ಚಿದ್ದರೆ ಡೋರಿಗೆ ಎರಡು ಬಡಿತ: “ಅಣ್ಣಾ, ಎದ್ದೇಳಿ.”
ಅವರು ಬೆಚ್ಚಿ, ಗೊಣಗಿ, ಗೇಟು ನೋಡುತ್ತಾರೆ.
ಗೇಟು ಬಿದ್ದೇ ಇರುತ್ತದೆ.
ಹೊನ್ನೂರಪ್ಪ ಈಚೆಗೆ ಹೊಸಬರಿಗೆ ಇದನ್ನೂ ಕಲಿಸುತ್ತಾನಂತೆ,
ಮೊದಲಿನಿಂದ ತನಗೆ ಗೊತ್ತಿದ್ದ ಹಾಗೆ.