ಬೆರಳು, ಮುಷ್ಟಿ

ಫಹಾಹೀಲಿನ ಈ ಕ್ಲಿನಿಕ್ಕಿಗೆ ಎದೆ ಹಿಡಿದುಕೊಂಡು
ಬರುವವರೆಲ್ಲ ಹೇಳುವುದು ಒಂದೇ ಮಾತು, ಗ್ಲೆನಿಟಾ:
"ಸಿಸ್ಟರ್, ಗ್ಯಾಸು."
ಮಲಯಾಳದಲ್ಲೂ ಗ್ಯಾಸು, ತುಳುವಿನಲ್ಲೂ ಗ್ಯಾಸು.
ಗ್ಯಾಸಿಗೆ ರಜೆ ಬೇಡ, ಸಂಬಳ ಕಡಿತವಿಲ್ಲ,
ಊರಿಗೆ ಫೋನು ಮಾಡಬೇಕಾಗಿಲ್ಲ.

ನೀನು ಬಾಯಿ ಕೇಳಬೇಡ, ಕೈ ನೋಡು.
ಒಂದು ಬೆರಳಿಟ್ಟು "ಇಲ್ಲೇ, ಇದೇ ಜಾಗ" ಅಂದರೆ,
ಒತ್ತಿದಾಗ ಹಾ ಎಂದರೆ,
ಹೆಚ್ಚಾಗಿ ಅದು ಪಕ್ಕೆಲುಬು ಸ್ನಾಯುಗಳ ಜಗಳ.
ಮಲಗಿದರೆ ಉರಿ, ಎದ್ದು ಕೂತರೆ ಹುಳಿತೇಗು:
ಹೆಚ್ಚಾಗಿ ಅದು ರಾತ್ರಿ ಹನ್ನೊಂದರ ಮಜ್ಬೂಸ್.
ಹೆಚ್ಚಾಗಿ. ಈ ಪದವನ್ನು ಕೈಬಿಡಬೇಡ.
ಜಾಗ ತೋರಿಸಲಾಗದೆ
ಇಡೀ ಮುಷ್ಟಿಯನ್ನು ಎದೆಯ ನಡುವೆ ಇಟ್ಟವನ
ಹೆಸರು ಬರೆದುಕೊಳ್ಳುತ್ತ ಕೂರಬೇಡ,
ಸಿವಿಲ್ ಐಡಿ ಆಮೇಲೆ ಹುಡುಕಬಹುದು.

ಬೆವರಿನ ವಿಷಯ ಪುಸ್ತಕದಲ್ಲಿ ಓದಿರುತ್ತೀ.
ಆಗಸ್ಟಿನಲ್ಲಿ ಇಲ್ಲಿ ಬೆವರದವರು ಯಾರು?
ಬಾಗಿಲ ಹಿಡಿಯೂ ಬೆವರುತ್ತದೆ.

ಹೋದ ವರ್ಷ, ರಿಫೈನರಿ ಶಟ್‌ಡೌನ್ ಹೊತ್ತಿಗೆ,
ಜಯಶೀಲ ಅಂತೊಬ್ಬ ವೆಲ್ಡರ್, ಕೋಟೇಶ್ವರದ ಕಡೆಯವನು,
ಸತ್ತೆ ಸತ್ತೆ ಎನ್ನುತ್ತ ಬಂದ.
ಹಿಂದಿನ ದಿನ ಸಿಲಿಂಡರ್ ಎತ್ತಿದ್ದನಂತೆ.
ಬೆರಳಿಟ್ಟು ತೋರಿಸಿದ. ಒತ್ತಿದೆ, ಕೂಗಿದ.
ಆದರೂ ಇಸಿಜಿ ತೆಗೆದೆ;
ಗೆರೆ ಶಾಲೆಮಕ್ಕಳ ಸಾಲಿನ ಹಾಗೆ ನಡೆಯಿತು.

ಅವನನ್ನು ಕರೆತಂದ ಡ್ರೈವರ್ ಮೊಯ್ದಿನಬ್ಬ
ಎ.ಸಿ.ಯ ಬುಡದ ಕುರ್ಚಿಯಲ್ಲಿ ಕೂತಿದ್ದ,
ತೊಡೆಯ ಮೇಲೆ ವ್ಯಾನಿನ ಕೀಲಿ.
ಮುಕ್ಕಾಲು ಗಂಟೆ.
ನಾನು ಸ್ವೆಟರ್ ಹಾಕಿದ್ದೆ.
ಅವನ ಅಂಗಿ ಕಾಲರಿನಿಂದ ಕೆಳಕ್ಕೆ ಒದ್ದೆ.
ಎದೆ ನೋವುಂಟಾ ಎಂದೆ.
"ಎಂತ ಇಲ್ಲ ಸಿಸ್ಟರ್. ಶುಗರ್ ಉಂಟಲ್ಲ, ಅದರ ಸುಸ್ತು.
ದವಡೆ ಮಾತ್ರ ಎಳೀತದೆ ಬೆಳಗಿಂದ."
ಹಲ್ಲಿನ ಡಾಕ್ಟರಿಗೆ ಗುರುವಾರ ಬರುತ್ತೇನೆಂದಿದ್ದನಂತೆ.
ಹಣೆ ಮುಟ್ಟಿದೆ:
ಫ್ರಿಜ್ಜಿನಿಂದ ಆಗಷ್ಟೇ ತೆಗೆದ ಬಾಟಲಿ.

ಆಸ್ಪಿರಿನ್ ಅಗಿಯುತ್ತಲೇ ಕೇಳಿದ,
"ಈಗ ಇವನನ್ನು ಕ್ಯಾಂಪಿಗೆ ಬಿಡುವುದು ಯಾರು?"
ಆಂಬುಲೆನ್ಸಿನೊಳಗೂ ಕೀಲಿ ಅವನ ಕೈಯಲ್ಲೇ ಹೋಯಿತು.
ವ್ಯಾನು ಎರಡು ದಿನ ಬಾಗಿಲೆದುರೇ ನಿಂತಿತ್ತು,
ಗಾಜಿನ ಮೇಲೆ ಧೂಳು, ಧೂಳಿನ ಮೇಲೆ ಯಾರದೋ ಗೀಚು.
ಮೂರನೆಯ ದಿನ ಬದಲಿ ಕೀಲಿ ಬಂತು.
ಅದನ್ನು ತಂದವನಿಗೆ ಅವನ ಸುದ್ದಿ ಗೊತ್ತಿರಲಿಲ್ಲ.
ನಾವು ಕಳಿಸಿದವರ ಬಗ್ಗೆ ದೊಡ್ಡಾಸ್ಪತ್ರೆ
ನಮಗೆ ಕಾಗದ ಬರೆಯುವುದಿಲ್ಲ.

ರೋಗಿಯ ಜೊತೆ ಬಂದವರನ್ನೂ ನೋಡು, ಅಷ್ಟೇ.
ಎ.ಸಿ. ಹದಿನೆಂಟರಲ್ಲೇ ಇರಲಿ.
ಚಳಿ ಎಂದು ಗೊಣಗುವವರಿಗೆ
ರಿಮೋಟ್ ಕಳೆದುಹೋಗಿದೆ ಅನ್ನು.