ವಿಸರ್ಗ

ಅವಳ ಬಾಯಿಂದ ಮೊದಲು ಹೋದದ್ದು ಹಾಲು.
ಬಟ್ಟಲನ್ನೇ ನೋಡುತ್ತಾಳೆ, ತುಟಿ ಕೂಡಿಸುತ್ತಾಳೆ,
ಪ್ಯೆನಾಸ್ ಎಂಬ ಮಾತು ಬರುವುದಿಲ್ಲ.
ಆಮೇಲೆ ಚಮಚ, ಕಿಟಕಿ, ಮಗನ ಹೆಸರು,
ಕಡೆಗೆ ನನ್ನದು. ಜಿಗ್ಮಾಸ್,
ನಲವತ್ತೊಂದು ವರ್ಷ ಬೈಯಲಿಕ್ಕಾದರೂ ಕರೆದ ಹೆಸರು.
ಕೌನಸ್ಸಿನ ಆಸ್ಪತ್ರೆಯಲ್ಲಿ ವೈದ್ಯೆ ತಲೆಯ ಚಿತ್ರ ತೋರಿಸಿ
"ಇಲ್ಲಿ" ಎಂದಳು, ಪೆನ್ನಿನ ತುದಿಯಿಂದ.
ಬಟಾಣಿ ಕಾಳಿನಷ್ಟು ಕಪ್ಪು.
ಅಷ್ಟರೊಳಗೆ ನಮ್ಮ ಮನೆಯ ಮಾತೆಲ್ಲ.

ಉಳಿದದ್ದು ಒಂದೇ: ನೆ. ಅಂದರೆ ಇಲ್ಲ, ಬೇಡ.
ಬೇಕು ಎನ್ನಲಿಕ್ಕೂ ಅದೇ.

ಫೆಬ್ರವರಿ. ನೆಮುನಾಸ್ ಹೊಳೆಯ ಮೇಲೆ ಮಂಜುಗಡ್ಡೆ ಬಿರಿಯುವ ಸದ್ದು.
ಅವಳ ಬಲಗೈಯನ್ನು ಸ್ವೆಟರಿನ ತೋಳಿಗೆ ತೂರಿಸುತ್ತಿದ್ದೆ.
ಇದ್ದಕ್ಕಿದ್ದಂತೆ ಓಂ ಎಂದಳು.
ಮಾತಿನ ಹಾಗಲ್ಲ, ಹಳೆಯ ಟ್ರಾಲಿ ಬಸ್ಸು
ಹೊರಡುವ ಮುನ್ನ ಹೊಟ್ಟೆಯೊಳಗೇ ಗುನುಗುವ ಹಾಗೆ.
(ಮೂವತ್ತು ವರ್ಷ ಅದನ್ನೇ ಓಡಿಸಿದವನು,
ನನಗೆ ಬೇರೆ ಹೋಲಿಕೆ ಹೊಳೆಯುವುದಿಲ್ಲ.)
ಆಮೇಲೆ ಉದ್ದಕ್ಕೆ, ಎಲ್ಲೂ ಎಡವದೆ,
ಇಡೀ ಮಂತ್ರ. ಕೊನೆಗೆ ಶಾಂತಿಃ, ಮೂರು ಸಲ.

ನನಗೆ ಸಂತೋಷವಾಗಲಿಲ್ಲ. ಹೊಟ್ಟೆ ಉರಿಯಿತು.
ಮನೆಯವರೆಲ್ಲ ಮನೆ ಬಿಟ್ಟು ಹೋಗಿ
ಮಂಗಳವಾರದ ನೆಂಟ ಮಾತ್ರ ಕಾಲು ಚಾಚಿ ಕೂತಂತೆ.

ಮಂಗಳವಾರ: ಹಳೆ ಶಾಲೆಯ ನೆಲಮಾಳಿಗೆಗೆ
ಸುರುಳಿ ಸುತ್ತಿದ ಚಾಪೆ ಕಂಕುಳಲ್ಲಿಟ್ಟು ಹೋಗುತ್ತಿದ್ದಳು ಯದ್ವಿಗಾ.
ನಾನು ಬಾಗಿಲಲ್ಲಿ ನಿಂತು ಛೇಡಿಸುತ್ತಿದ್ದೆ:
ಅರ್ಥವಾಗದ್ದೇ ಬೇಕಿದ್ದರೆ
ಇಗರ್ಜಿಯ ಲ್ಯಾಟಿನ್ ಸಾಲದಾಯಿತೇ?

ಅವಳ ಗುರುವನ್ನು ಕರೆಸಿದೆ. ರಸಾ.
ನಮ್ಮಲ್ಲಿ ಹಾಗೆಂದರೆ ಇಬ್ಬನಿ.
ಎಪ್ಪತ್ತು ದಾಟಿದವಳು, ಬೂಟು ಕಳಚಲು ಗೋಡೆ ಹಿಡಿದಳು.
"ಏನು ಇದರ ಅರ್ಥ?" ಗದರಿದೆ.
"ನಾನು ಕಲಿತದ್ದು ಕಾರ್ಬನ್ ಹಾಳೆಯ ಐದನೆಯ ಪ್ರತಿಯಿಂದ,
ಸೋವಿಯತ್ ಕಾಲ, ಪರದೆ ಎಳೆದ ಅಡುಗೆಮನೆ,
ಅರ್ಧ ಅಕ್ಷರ ಮಸಿಯಲ್ಲೇ ಹೂತಿದ್ದವು.
ಇವತ್ತಿಗೂ ನನ್ನ ಬಾಯಲ್ಲಿ ಮಹಾಪ್ರಾಣ ಅಲ್ಪಪ್ರಾಣವೇ.
ಅರ್ಥ ಬೇಕಾದರೆ ಹೇಳುತ್ತೇನೆ. ಇವಳು ಹಿಡಿದುಕೊಂಡದ್ದು ಅದನ್ನಲ್ಲ.
ಮೆಟ್ಟಿಲಿಳಿಯುವಾಗ ಕಂಬಿ ಹಿಡಿಯುತ್ತೀಯಲ್ಲ,
ಅದನ್ನು ಅರ್ಥ ಕೇಳುತ್ತೀಯಾ?"

ಅವಳು ಕೊಟ್ಟ ಹಾಳೆಯಲ್ಲಿ, ಕೊನೆಯ ಅಕ್ಷರದ ಕೆಳಗೆ ಒಂದು ಚುಕ್ಕಿ.
ನೊಣದ ಹಿಕ್ಕೆಯೇ ಎಂದೆ.
"ವಿಸರ್ಗ. ಪದ ಮುಗಿದ ಮೇಲೂ ಹೊರಬೀಳುವ ಉಸಿರು.
ಬಾಗಿಲು ಪೂರ್ತಿ ಹಾಕಿಕೊಳ್ಳಬೇಡ."
ಚಹಾ ಕುಡಿಯುತ್ತ ಇನ್ನೂ ಏನೇನೋ ಹೇಳಿದಳು:
ನಮ್ಮ ಉಗ್ನಿಸ್ ಅವರ ಅಗ್ನಿಯಂತೆ,
ನಮ್ಮ ಸಪ್ನಾಸ್ ಅವರ ಸ್ವಪ್ನವಂತೆ,
ಎಂದೋ ಹಿಸ್ಸೆಯಾದ ದಾಯಾದಿಗಳು.
ಹಾಗಿದ್ದರೆ ಹಾಲು ಯಾರ ಪಾಲಿಗೆ ಹೋಯಿತು ಕೇಳಿ ಎಂದೆ.
ಅವಳು ನಗಲಿಲ್ಲ.

ಅಂದಿನಿಂದ ಸಂಜೆ ಆರಕ್ಕೆ, ಇಬ್ಬರೂ.
ಇಪ್ಪತ್ತೊಂದು ಸಲ. ಜಪಮಣಿ ಇಲ್ಲ,
ಒಣ ಬೀನ್ಸ್ ಕಾಳು, ಒಂದು ಬಟ್ಟಲಿಂದ ಇನ್ನೊಂದಕ್ಕೆ.
ಸಿಗರೇಟು ತಿಂದ ನನ್ನ ಉಸಿರು ನಡುದಾರಿಯಲ್ಲೇ ಕೂರುತ್ತದೆ,
ಅವಳದು ದಡ ಮುಟ್ಟಿ ಕಾಯುತ್ತದೆ.
ಕಾಯುವಾಗ ನನ್ನ ಮಣಿಕಟ್ಟನ್ನು ಎಡಗೈಯಿಂದ ತಟ್ಟುತ್ತಾಳೆ,
ಗೇರು ಬದಲಿಸು ಎಂಬಂತೆ.
ದೇವರು ಬಂದನೋ ಇಲ್ಲವೋ ನಾನು ನೋಡಿಲ್ಲ.
ನಾಲ್ಕನೆಯ ಮಹಡಿಯ ನೆರೆಯವನು ಒಮ್ಮೆ ಬಂದ,
ಕೊಳಾಯಿ ಗೊರೆಯುತ್ತಿದೆಯೇ ಎಂದು ಕೇಳಿ ಹೋದ.

ಏಪ್ರಿಲ್. ಹದಿನೆಂಟನೆಯ ಕಾಳು.
ಮೂರನೆಯ ಶಾಂತಿ ಮುಗಿದು ಆ ಚುಕ್ಕಿಯ ಉಸಿರು,
ಆ ಉಸಿರಿನ ಬೆನ್ನಿಗೇ, ಅದೇ ರಾಗದಲ್ಲಿ:
"ದೂಮಾಯ್."

ನಾನು ಕಣ್ಣು ತೆರೆಯಲಿಲ್ಲ. ಮಂತ್ರದ್ದೇ ಯಾವುದೋ ತುಂಡೆಂದುಕೊಂಡೆ.
"ದೂಮಾಯ್!" ಎಂದಳು, ಈಗ ರಾಗವಿಲ್ಲ,
ನಲವತ್ತೊಂದು ವರ್ಷದ ಆ ಸಿಡುಕು,
ಅಚ್ಚ ನನ್ನ ಹೆಂಡತಿಯದು.

ಹೊಗೆ. ಬಾಣಲೆಯಲ್ಲಿ ಆಲೂಗೆಡ್ಡೆಯ ದೋಸೆ ಇದ್ದಿಲಾಗಿತ್ತು.
ಓಡಿದೆ, ಒಲೆ ಆರಿಸಿದೆ, ಕಿಟಕಿ ತೆರೆದೆ,
ಹೊಳೆಯ ಚಳಿ ಒಳನುಗ್ಗಿತು.
ಅದು ಯಾವ ಮನೆಯ ಮಾತು, ನಮ್ಮದೋ ಅವರದೋ,
ಹಿಸ್ಸೆಗೂ ಮುಂಚಿನದೋ,
ಕೇಳಬೇಕೆಂದು ತಿರುಗಿದರೆ
ಅವಳು ಕಣ್ಣು ಮುಚ್ಚಿ ಕೂತಿದ್ದಾಳೆ,
ಎಡಗೈಯಲ್ಲಿ ಹತ್ತೊಂಬತ್ತನೆಯ ಕಾಳು.

ಮಸಿ ಹತ್ತಿದ ಕೈಯಲ್ಲೇ ಪಕ್ಕ ಕೂತೆ.
ಬಾಣಲೆ ಇನ್ನೂ ನೆನೆದಿದೆ.