ಹದಿನೇಳನೆಯ ಕಾಲಂ

ಪರೇಲಿನ ಈ ಆಸ್ಪತ್ರೆಯ ಮೂರನೆಯ ಮಹಡಿಯಲ್ಲಿ
ಮೂವತ್ತು ಮೀಟರಿನ ಓಣಿಯೊಂದಿದೆ.
ಎರಡು ತುದಿಗೆ ಎರಡು ಕಿತ್ತಳೆ ಕೋನು,
ನನ್ನ ಕೈಯಲ್ಲಿ ಗಡಿಯಾರ.
ಆರು ನಿಮಿಷ. ಓಡಬಾರದು, ಮಾತಾಡಬಾರದು,
ದಣಿದರೆ ಗೋಡೆಗೆ ಒರಗಬಹುದು.
ಸುಣ್ಣದ ಮೇಲೆ ಭುಜದೆತ್ತರಕ್ಕೆ
ಎಣ್ಣೆಗೆರೆಯೊಂದು ಮೂಡಿದೆ.
ಒರಗಿದವರ ಲೆಕ್ಕ ಅದೂ ಇಟ್ಟಿದೆ,
ನನಗಿಂತ ನಿಯತ್ತಾಗಿ.

ದಗಡೂ ಶಿರ್ಕೆ, ಐವತ್ತೆಂಟು, ಎರಡು ಸ್ಟೆಂಟು:
ಮೊದಲ ವಾರ ಇನ್ನೂರ ಎಂಬತ್ತು ಮೀಟರು,
ಹನ್ನೆರಡನೆಯ ವಾರ ನಾನೂರ ಇಪ್ಪತ್ತು.
ಬೋಳ ಪೂಜಾರಿ, ಫೋರ್ಟಿನ ಹೋಟೆಲಿನಲ್ಲಿ
ನಲವತ್ತು ವರ್ಷ ಸಪ್ಲೈಯರು;
ನಡೆಯುವಾಗ ಎಡಗೈ ಎದೆಮಟ್ಟಕ್ಕೆ ಎತ್ತಿಯೇ ಇರುತ್ತದೆ,
ಕಾಣದ ಟ್ರೇ ಹೊತ್ತಂತೆ.
ಇಳಿಸಿ ಅಂದರೆ ಇಳಿಸುತ್ತಾರೆ,
ಕೋನು ಸುತ್ತಿ ಬರುವಷ್ಟರಲ್ಲಿ ಮತ್ತೆ ಏರಿರುತ್ತದೆ.
ಇದನ್ನು ಬರೆಯಲು ಕಾಲಂ ಇಲ್ಲ.

ಪ್ರಶ್ನಾವಳಿ ಎಲ್ಲಿಂದಲೋ ಹಡಗು ಹತ್ತಿ ಬಂದದ್ದು:
ತೋಟದ ಹುಲ್ಲು ಕತ್ತರಿಸಬಲ್ಲಿರಾ?
ಗಾಲ್ಫ್ ಆಡಬಲ್ಲಿರಾ?
ಹಲೀಮಾ ಬಿ ದುಪಟ್ಟ ಬಾಯಿಗೊತ್ತಿ ಎಷ್ಟು ನಕ್ಕರೆಂದರೆ
ನಾಡಿ ನೂರ ಹದಿನಾಲ್ಕಕ್ಕೆ ಏರಿ
ಕೂರಿಸಿ ನೀರು ಕೊಡಬೇಕಾಯಿತು.
ಎರಡು ಮಹಡಿ ಮೆಟ್ಟಿಲು ಹತ್ತಬಲ್ಲಿರಾ? ಎಂದರೆ
"ಯಾವ ಸೇತುವೆ? ಕುರ್ಲಾದ್ದೋ ದಾದರಿನದ್ದೋ?
ಮಧ್ಯಾಹ್ನಕ್ಕೋ, ಸಂಜೆ ಆರಕ್ಕೋ?
ಸಂಜೆಯಾದರೆ ನಾನು ಹತ್ತುವುದಿಲ್ಲ, ಬೇಟಿ,
ಜನ ಹತ್ತಿಸುತ್ತಾರೆ."

ವರ್ಷದ ಕೊನೆಗೆ ಕೂಡಿ ನೋಡಿದೆವು.
ಸೇರಿದವರು ಇನ್ನೂರ ಹನ್ನೊಂದು,
ಹನ್ನೆರಡು ವಾರ ಮುಗಿಸಿದವರು ತೊಂಬತ್ತಾರು.
ಉಳಿದವರ ಮುಂದೆ ಮೂರೇ ಅಕ್ಷರ: ಬಂದಿಲ್ಲ.
ಡಾಕ್ಟರ್ ಮಸ್ಕರೇನ್ಹಸ್ ಅಂದರು,
ಮುಗಿಸಿದವರ ಗ್ರಾಫು ಚೆನ್ನಾಗಿದೆ, ಗೋಡೆಗೆ ಹಾಕೋಣ.
ಹಾಕಿದೆವು. ಗೆರೆ ಘಾಟಿಯಂತೆ ಏರಿತ್ತು.
ನನಗೋ ಒಳಗೊಳಗೇ ಕಸಿವಿಸಿ:
ಮದುವೆ ಊಟ ಹೇಗಿತ್ತು ಎಂದು
ಪಂಕ್ತಿಯಲ್ಲಿ ಕೂತವರನ್ನಷ್ಟೇ ಕೇಳಿದ ಹಾಗೆ.

ಅಂದು ಕೊನೆಯ ಪೇಷೆಂಟು ಹೋದಮೇಲೆ ಸ್ಕೇಲು ಹಿಡಿದು
ಹದಿನಾರು ಕಾಲಮ್ಮುಗಳ ಪಕ್ಕ ಇನ್ನೊಂದು ಎಳೆದೆ:
ಯಾಕೆ ಬರಲಿಲ್ಲ?
ಫೋನು ಹಚ್ಚತೊಡಗಿದೆ, ದಿನಕ್ಕೆ ಹತ್ತು.

"ಸರಿಯಾಗಿ ಹನ್ನೊಂದಕ್ಕೇ ನಮ್ಮ ಚಾಳಿಗೆ ನೀರು ಬಿಡೋದು."
"ಅರ್ಧ ದಿನ ತಪ್ಪಿದರೂ ಪೂರ್ತಿ ದಿನದ ಕೂಲಿ ಮುರೀತಾರೆ."
"ಒಂಬತ್ತು ಗಜದ ಸೀರೆಯಲ್ಲಿ ಸೈಕಲ್ ತುಳಿ ಅಂತೀರಿ,
ಎದುರಿಗೇ ಆ ಗಂಡಸರು."
"ನೆಟ್ಟಗಾಗಿದ್ದೇನಲ್ಲ, ಇನ್ನೇಕೆ?"

ಒಂದು ಮನೆಯಲ್ಲಿ ಮಗಳು ಎತ್ತಿಕೊಂಡಳು.
"ಬಾಬಾ ಹೋಗಿ ಐದು ತಿಂಗಳಾಯ್ತು.
ನೀವು ಈಗ ಕೇಳ್ತಾ ಇದೀರಿ."
ಆ ಸಾಲಿನಲ್ಲಿ ನನ್ನ ಪೆನ್ನು ಏನನ್ನೂ ಬರೆಯದೆ
ಕಾಲಂ ದಾಟಿ, ಹಾಳೆಯ ಅಂಚಿನ ತನಕ ಹೋಗಿ ನಿಂತಿದೆ.
ಈಗಲೂ ನೋಡಬಹುದು,
ನಂಬರ್ ನೂರ ನಲವತ್ತಮೂರರ ಮುಂದೆ.

ಏಪ್ರಿಲಿನಿಂದ ಹೆಂಗಸರ ತಂಡ ಮಧ್ಯಾಹ್ನ ಮೂರಕ್ಕೆ.
ಸೈಕಲ್ಲು ಒಲ್ಲದವರಿಗೆ ಮರದ ಮೆಟ್ಟಿಲು.
ಕೂಲಿಯವರಿಗೆ ಭಾನುವಾರ;
ನನ್ನ ಭಾನುವಾರ ಹೋಯಿತು, ಅದು ಬೇರೆ ಮಾತು.
ಒಂದು ವಾರ ತಪ್ಪಿದರೆ ಅದೇ ವಾರ ಫೋನು.
ಗಾಲ್ಫನ್ನು ಹೊಡೆದುಹಾಕಿ ಬರೆದೆವು:
ಕೈಯಲ್ಲೊಂದು ಚೀಲ ಹಿಡಿದು ಕುರ್ಲಾ ಸೇತುವೆ ಹತ್ತುವಾಗ
ಎಷ್ಟು ಸಲ ನಿಲ್ಲುತ್ತೀರಿ?

ಏರಿತೇ ಲೆಕ್ಕ? ಏರಿತು.
ನೂರಕ್ಕೆ ನಲವತ್ತೈದು ಇದ್ದದ್ದು ಅರವತ್ತರ ಆಸುಪಾಸು.
ಇನ್ನೊಂದು ವರ್ಷ ನೋಡೋಣ, ಆಮೇಲೆ ಹಿಗ್ಗೋಣ
ಅನ್ನುತ್ತಾರೆ ಡಾಕ್ಟರು. ಸರಿಯೇ.

ನಿನ್ನೆ ಹಲೀಮಾ ಬಿಯನ್ನು ಕೇಳಿದೆ.
"ಎರಡು ಸಲ ನಿಂತೆ," ಅಂದರು,
"ಒಂದು ಸಲ ಉಸಿರಿಗೆ.
ಇನ್ನೊಂದು ಸಲ, ಅಲ್ಲೇ ಮೆಟ್ಟಿಲ ಮೇಲೆ
ಮೂಸಂಬಿ ಅಗ್ಗಕ್ಕೆ ಕೊಡುತ್ತಿದ್ದ."

ನಾನು ಒಂದು ಎಂದು ಬರೆದುಕೊಂಡೆ.